ಹಿತ್ತಲಲ್ಲಿ ಎರಕ ಹೊಯ್ದ ಹಿಡಿ

ಅಂಗಡಿಯ ಹಿಡಿಗೆ ಈ ಮನೆಯೊಳಗೆ ಪ್ರವೇಶವಿಲ್ಲ ಎಂದು ನಾನು ಬೆಳಗ್ಗೆಯೇ ಘೋಷಿಸಿಬಿಟ್ಟೆ. ಬಚ್ಚಲ ಬಾಗಿಲಿನ ಚಿಲಕ ತೆರೆಯಲು ತಿರುಗಿಸುವ ಹೊರಗಿನ ಹಿಡಿ ಮುರಿದಿತ್ತು. ಸಂಜೆ ಅತ್ತೆ ಬರುವವರಿದ್ದರು. ಅವರ ಕಣ್ಣಿನಲ್ಲಿ ನಾನು ಮದುವೆಯ ದಿನದಿಂದಲೂ ಕೆಲಸಕ್ಕೆ ಬಾರದ ಅಳಿಯ. ಆ ಕಳಂಕ ತೊಳೆದುಕೊಳ್ಳಲು ಇದೇ ಸಮಯ! ಹಿತ್ತಲಲ್ಲೇ ಅಲ್ಯೂಮಿನಿಯಂ ಕರಗಿಸಿ, ಎರಕ ಹೊಯ್ದು, ಹೊಸ ಹಿಡಿ ಮಾಡುತ್ತೇನೆಂದೆ.

"ಅಂಗಡಿ ಪಕ್ಕದ ಬೀದೀಲೇ ಇದೆ," ಎಂದಳು ಹೆಂಡತಿ.

ಖರ್ಚಿಲ್ಲದ ಕುಲುಮೆಗೆ ಬೇಕಾದದ್ದೆಲ್ಲ ಮನೆಯಲ್ಲೇ ಸಿಕ್ಕಿತು. ತಗಡಿನ ಬಕೆಟ್ಟಿನ ಒಳಗೆ ಜೇಡಿಮಣ್ಣು ಮೆತ್ತಿದೆ. ಲೋಹ ಕರಗಿಸುವ ಮೂಸೆಯಾಗಿ ದಪ್ಪ ಕಬ್ಬಿಣದ ಡಬ್ಬಿ. ಗಾಳಿ ಊದುವ ತಿದಿಯ ಬದಲು ಹೆಂಡತಿಯ ಹೇರ್ ಡ್ರೈಯರ್. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಅಚ್ಚಿಗೆಂದು ಬಾಗಿಲಿನ ಒಳಗಡೆಯ ಹಿಡಿ ಬಿಚ್ಚಿ, ಹಸಿ ಮರಳಿನಲ್ಲಿ ಒತ್ತಿ ತೆಗೆದೆ. ಎಂಥ ಅಚ್ಚು! ನನಗೇ ನನ್ನ ಮೇಲೆ ಗೌರವ ಬಂತು.

ಇದ್ದಿಲು ಕೆಂಪಾಯಿತು. ಕುಡಿದು ಬಿಸಾಡಿದ ಅಲ್ಯೂಮಿನಿಯಂ ಸೋಡಾ ಡಬ್ಬಿಗಳನ್ನು ಚೀಲಗಟ್ಟಲೆ ಮೂಸೆಗೆ ತುಂಬಿದೆ. ಬಂದದ್ದು ಕಿಟ್ಟದ ಕಸ ರಾಶಿ, ತಳದಲ್ಲಿ ಹಿಡಿಗೆ ಸಾಲದಷ್ಟು ಲೋಹ. ನಾನು ಕೂರಲಾರೆ, ನಿಲ್ಲಲಾರೆ. ಇದ್ದಿಲು ಮುಗಿಯುತ್ತಿತ್ತು, ಡ್ರೈಯರ್ ಸುಟ್ಟ ವಾಸನೆ ಹೊಡೆಯುತ್ತಿತ್ತು, ಅತ್ತೆ ಹತ್ತಿರವಾಗುತ್ತಿದ್ದರು. ಅಡುಗೆಮನೆಗೆ ಓಡಿದರೆ ಹೆಂಡತಿ ಪಾತ್ರೆಗಳ ಮುಂದೆ ಕಾವಲು ನಿಂತಿದ್ದಳು. ವಾಪಸು ಹಿತ್ತಲಿಗೆ ಓಡಿದೆ. ಅಚ್ಚಿನ ಪಕ್ಕದಲ್ಲೇ ದಪ್ಪನೆಯ, ಅಪ್ಪಟ ಅಲ್ಯೂಮಿನಿಯಂ ತುಂಡೊಂದು ಬಿದ್ದಿತ್ತು! ಹಿಂದುಮುಂದು ನೋಡದೆ ಮೂಸೆಗೆ ಹಾಕಿದೆ. ಬೆಣ್ಣೆಯಂತೆ ಕರಗಿತು.

ಹೊಸ ಹಿಡಿ ಹೊಳೆಯುತ್ತ ಹೊರಬಂತು. ಉಜ್ಜಿ, ಬಾಗಿಲಿನ ಹೊರಗಡೆ ಕೂರಿಸಿ, ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಾಗಿಲಿನ ಎರಡೂ ಕಡೆ ನೋಡಿ, ಒಳಗಿದ್ದ ಹಿಡಿ ಎಲ್ಲಿ ಎಂದು ಕೇಳಿದಳು. ಅಚ್ಚಿನ ಪಕ್ಕ ಬಿದ್ದಿದ್ದ ಆ ತುಂಡು ನೆನಪಾಯಿತು. ಮೆಲ್ಲಗೆ ಹೊಸ ಹಿಡಿಯತ್ತ ಬೆರಳು ತೋರಿಸಿದೆ.

"ಅಂದ್ರೆ ಇಡೀ ದಿನ ಹೊಗೆ ಹಾಕಿ, ಒಳಗಿದ್ದ ಹಿಡೀನ ಹೊರಗೆ ತಂದ್ರಿ."

ಅಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ಪ್ರಯಾಣದ ಧೂಳು ತೊಳೆಯಲು ನೇರವಾಗಿ ಬಚ್ಚಲಿಗೆ ನುಗ್ಗಿ, ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡರು. ಚಿಲಕ ತಾನಾಗಿ ಟಕ್ಕೆಂದು ಬಿತ್ತು. ಒಳಗಿನಿಂದ ತೆರೆಯಲು ಏನೂ ಇಲ್ಲ. ಇರಲಿ, ಹೊರಗೆ ನನ್ನ ಹಿಡಿ ಇದೆಯಲ್ಲ! ಗತ್ತಿನಿಂದ ತಿರುಗಿಸಿದೆ. ಹಿಡಿ ಕೈಗೇ ಬಂತು. ಮುರಿದ ಕಡೆ ಎರಕದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳ ತೂತುಗಳೇ.

ಹೆಂಡತಿ ಬಡಗಿಗೆ ಫೋನ್ ಮಾಡಿ, ಗಾಬರಿಯಾಗಬೇಡ ಎಂದು ತಾಯಿಗೆ ಧೈರ್ಯ ಹೇಳಿದಳು. ಅಷ್ಟರೊಳಗೆ ನಾನೇ ಏನಾದರೂ ಮಾಡುತ್ತೇನೆ ಎಂದು ನಾನೂ ಬಾಗಿಲಿಗೆ ಬಾಯಿಟ್ಟು ಭರವಸೆ ಕೊಟ್ಟೆ.

 ಒಳಗಿನಿಂದ ಅತ್ತೆ ಶಾಂತವಾಗಿ ಮಗಳಿಗೆ ಹೇಳಿದರು:

"ನಾನು ಎಷ್ಟ್ ಹೊತ್ತಾದ್ರೂ ಇಲ್ಲೇ ಇರ್ತೀನಿ ಕಣೆ. ಬಡಗಿ ಬರೋ ತನಕ ಇವರನ್ನ ಮಾತ್ರ ಬಾಗಿಲ ಹತ್ರ ಬಿಡಬೇಡ."