ಮಹಡಿ ಮನೆಯ ಕೇಕು

ಬೆಳಿಗ್ಗೆ ಏಳೂವರೆಗೆ ಬೇಕರಿಯಿಂದ ಬಂದ ಕೇಕು ನೇರವಾಗಿ ಮಹಡಿ ಹತ್ತಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಡಬ್ಬದ ಮೇಲೆ ‘ಮಹಡಿ ಮನೆ’ ಎಂದಷ್ಟೇ ಬರೆದಿತ್ತು. ತಂದವನು ತಲೆಯೆತ್ತಿ ಮೆಟ್ಟಿಲು ಎಣಿಸಿದ. ಇಪ್ಪತ್ತೆರಡು ಎಂದು ಖಾತ್ರಿಯಾದ ಮೇಲೆ ಡಬ್ಬವನ್ನು ಕೆಳಮನೆಯ ಓನರ ಕೈಗಿಟ್ಟು ಸೈಕಲ್ ಹತ್ತಿದ.

ಇರುವೆ ಬಂದೀತೆಂದು ಓನರು ಡಬ್ಬ ತೆರೆದರು. ಇರುವೆಯ ವಿಷಯದಲ್ಲಿ ಅವರು ಬಹಳ ಹುಷಾರು. ಬಾಡಿಗೆಯವರಿಗೆ ಬರುವ ಲಕೋಟೆಗಳನ್ನೂ ಇದೇ ಕಾರಣಕ್ಕೆ ತೆರೆದು ನೋಡುತ್ತಿದ್ದರು.

ಕೇಕಿನ ಮೇಲೆ ಕೆಂಪು ಕ್ರೀಮಿನಲ್ಲಿ ಬರೆದಿತ್ತು: ‘ನನ್ನವನಿಗೆ ಹುಟ್ಟುಹಬ್ಬದ ಮುತ್ತು. ಇಂತಿ, ನಿನ್ನವನು.’

ಓನರು ಎರಡು ಸಲ ಓದಿದರು. ಕನ್ನಡಕ ಏರಿಸಿ ಮೂರನೇ ಸಲ ಓದಿದರು. ಎಷ್ಟು ಓದಿದರೂ ‘ನಿನ್ನವನು’ ಎಂಬುದು ‘ನಿನ್ನವಳು’ ಆಗಲಿಲ್ಲ.

ಆ ಕನ್ನಡಕ ಮಾಡಿಕೊಟ್ಟವನೇ ಮಹಡಿ ಮನೆಯ ಇಬ್ಬರಲ್ಲಿ ಒಬ್ಬ. ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ವಯಸ್ಸು ಮೂವತ್ತೊಂದಾದರೂ ಎಲ್ಲರ ಬಾಯಲ್ಲೂ ಅವನು ‘ಚಾಳೀಸು’. ಇನ್ನೊಬ್ಬ ಆಸ್ಪತ್ರೆಯಲ್ಲಿ ನರ್ಸು. ಅವನ ಕೈಯಿಂದ ಚುಚ್ಚಿಸಿಕೊಳ್ಳದವರು ಬೀದಿಯಲ್ಲೇ ಇಲ್ಲವಾದ್ದರಿಂದ ಅವನು ‘ಸೂಜಿ’.

ಎಂಟು ಗಂಟೆಗೆ ಚಾಳೀಸು ಕೆಲಸಕ್ಕೆಂದು ಕೆಳಗಿಳಿದಾಗ ಓನರು ಡಬ್ಬವನ್ನು ಹಾವಾಡಿಗನ ಬುಟ್ಟಿಯಂತೆ ಮುಂದೆ ಹಿಡಿದು ನಿಂತಿದ್ದರು.

“ಏನಯ್ಯಾ ಇದು? ನಿಂದಾ, ಅವನದಾ?”

ಚಾಳೀಸು ಓದಿದ. ಈವತ್ತು ಸೂಜಿಯ ಹುಟ್ಟುಹಬ್ಬ. ಸೂಜಿಗೆ ಒಬ್ಬ ‘ನಿನ್ನವನು’ ಇದ್ದಾನೆಂಬುದು ಈ ಭೂಮಿಯ ಮೇಲೆ ಚಾಳೀಸಿಗೆ ಮಾತ್ರ ಗೊತ್ತು. ಹೋದ ವರ್ಷ ಜ್ವರದಲ್ಲಿ ಮಲಗಿದ್ದಾಗ ಸೂಜಿ ನಡುಗುತ್ತ ಹೇಳಿ, “ಯಾರಿಗೂ ಹೇಳಬೇಡ ಮಾರಾಯ” ಎಂದು ಕೈ ಹಿಡಿದಿದ್ದ. ಅವನದು ಎಂದರೆ ಗುಟ್ಟು ರಟ್ಟು. ನನ್ನದು ಎಂದರೆ ತನ್ನ ಮಾನ ಹರಾಜು. ಅಡಕತ್ತರಿಯಲ್ಲಿ ಸಿಕ್ಕ ಚಾಳೀಸು ಬುದ್ಧಿವಂತಿಕೆ ಮಾಡಲು ಹೋದ.

“ನಮ್ದೇ ಸಾರ್,” ಎಂದ.

“ನಮ್ದೇ?” ಓನರ ಹುಬ್ಬು ನೆತ್ತಿ ಮುಟ್ಟಿತು. “ಇಬ್ಬರೂ ಸೇರ್ಕೊಂಡು... ನನ್ನ ಮನೇಲಿ! ಸಂಜೆ ಆರರೊಳಗೆ ಗಂಟುಮೂಟೆ ಕಟ್ಟಿ. ಇಲ್ಲಾಂದ್ರೆ ನಾನೇ ಬೀಗ ಜಡೀತೀನಿ. ಮರ್ಯಾದಸ್ಥರ ಬೀದಿ ಇದು!”

ಓನರ ಹೆಂಡತಿ ಬಾಗಿಲ ಸಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬೀದಿಯಲ್ಲಿ ಅವರಿಗಿಂತ ಮುಂಚೆ ಓಡುವುದು ಅವರ ಸುದ್ದಿಯೊಂದೇ.

ಚಾಳೀಸು ಮೇಲೆ ಓಡಿದ. ಸೂಜಿ ರಾತ್ರಿ ಪಾಳಿ ಮುಗಿಸಿ ಬಂದು, ಕಿವಿಗೆ ಹತ್ತಿ ತುರುಕಿಕೊಂಡು, ಬಾಯಿ ತೆರೆದು ಮಲಗಿದ್ದ. ಹುಟ್ಟಿದ ದಿನವೇ ಎಬ್ಬಿಸಿ ಇಂಥ ಮಾತು ಹೇಳುವುದು ಹೇಗೆ? ಮನಸ್ಸಾಗದೆ ಅಂಗಡಿಗೆ ಹೋದ.

ಅಂಗಡಿ ತೆರೆದು ಐದು ನಿಮಿಷವಾಗಿರಲಿಲ್ಲ, ಪಕ್ಕದಂಗಡಿಯ ದರ್ಜಿ ಹಾಜಿ ಸಾಹೇಬರು ಕೊರಳಿನ ಟೇಪು ಸಮೇತ ಬಂದು ಎದುರು ಕೂತರು.

“ಎಷ್ಟು ದಿನದಿಂದ?”

“ಏನು ಹಾಜಿ ಸಾಹೇಬ್ರೇ?”

“ನೀನು, ಸೂಜಿ.”

“ನಾವಾ? ನಾಲ್ಕು ವರ್ಷದಿಂದ ಒಟ್ಟಿಗಿದೀವಿ,” ಎಂದ ಚಾಳೀಸು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ನಾಲ್ಕು ವರ್ಷ!” ಹಾಜಿ ಸಾಹೇಬರು ತಲೆದೂಗಿದರು. “ನನ್ನ ತಮ್ಮನ ಮದುವೆ ನಾಲ್ಕು ತಿಂಗಳು ನಡೀಲಿಲ್ಲ.”

“ಅಯ್ಯೋ, ಹಾಗಲ್ಲ, ನಾನು...”

“ನೀನು ಒಂದು ಮಾತೂ ಆಡಬೇಡ. ಕೇಳು. ಈ ವಿಷಯ ನನಗೆ ಒಪ್ಪಿಗೇನಾ ಅಂತ ಕೇಳಿದ್ರೆ, ಸುದ್ದಿ ಕೇಳಿದಾಗಿನಿಂದ ಯೋಚಿಸ್ತಾ ಒಂದು ಅಂಗಿಗೆ ಎರಡೂ ತೋಳು ಉಲ್ಟಾ ಹೊಲಿದಿದೀನಿ. ಆದ್ರೆ ನಾನು ಈ ಊರಿಗೆ ಬಂದಾಗ ಹನ್ನೊಂದು ಮನೆ ನೋಡಿದೆ. ಹನ್ನೊಂದೂ ಕಡೆ ಹೆಸರು ಕೇಳಿ ಬಾಗಿಲು ಹಾಕಿದ್ರು. ಹೆಂಡತಿ ಬಸುರಿ, ಕೈಯಲ್ಲಿ ಟ್ರಂಕು. ಆ ಬಾಗಿಲು ಹಾಕಿದ ಸದ್ದು ಇನ್ನೂ ಕಿವಿಯಲ್ಲಿದೆ ಮಗನೇ. ಹನ್ನೆರಡನೇದು ನಿನಗೆ ಕೇಳಿಸೋಕೆ ಬಿಡಲ್ಲ.”

ಚಾಳೀಸು ಹೇಳಬೇಕೆಂದಿದ್ದ ಮಾತನ್ನು ಬಿಟ್ಟು ಹಾಜಿ ಸಾಹೇಬರಿಗೆ ಚಹಾ ತರಿಸಿದ.

ಹನ್ನೊಂದು ಗಂಟೆಗೆ ಅರ್ಚಕರೂ, ಶಾಲೆಯ ನಿವೃತ್ತ ಹೆಡ್ಮಿಸ್ಟ್ರೆಸ್ ಸಿಸ್ಟರೂ ಜೊತೆಯಾಗಿ ಬಂದರು. ದೇವಸ್ಥಾನದ ಗಂಟೆ ಜೋರೋ, ಇಗರ್ಜಿಯ ಗಂಟೆ ಜೋರೋ ಎಂದು ಹತ್ತು ವರ್ಷದಿಂದ ಜಗಳವಾಡುತ್ತಿದ್ದ ಇಬ್ಬರೂ ಒಂದೇ ಕೊಡೆಯ ಕೆಳಗೆ ಬಂದದ್ದನ್ನು ನೋಡಿ ಹಾಜಿ ಸಾಹೇಬರು ಹೊಲಿಗೆ ನಿಲ್ಲಿಸಿದರು.

“ನೋಡಪ್ಪಾ, ನಂಗೆ ಇದೆಲ್ಲ ಅರ್ಥ ಆಗಲ್ಲ,” ಎಂದರು ಅರ್ಚಕರು. “ಮನೇಲಿರೋ ಗ್ರಂಥ ಎಲ್ಲ ತೆಗೆದು ಕೂತೆ. ಪರ ಇದೆಯೋ ವಿರೋಧ ಇದೆಯೋ, ಧೂಳಿಗೆ ಸೀನು ಬಂತೇ ಹೊರತು ಉತ್ತರ ಸಿಗಲಿಲ್ಲ. ಆದ್ರೆ ಒಂದಂತೂ ನಿಜ. ಇರೋ ಮನೆಯಿಂದ ಮಕ್ಕಳನ್ನ ಬೀದಿಗೆ ನೂಕೋದು ಧರ್ಮ ಅಂತ ಯಾವ ಪುಟದಲ್ಲೂ ಇಲ್ಲ.”

“ನನ್ನ ಪುಸ್ತಕದಲ್ಲೂ ಇಲ್ಲ,” ಎಂದರು ಸಿಸ್ಟರ್. “ಆರು ಗಂಟೆಗಲ್ವಾ? ಬರ್ತೀವಿ. ನೀನು ಹೆದರಬೇಡ.”

“ಸಿಸ್ಟರ್, ನಾನು ನಿಜವಾಗ್ಲೂ...”

“ಶ್! ಬೆರಳು ತುಟಿ ಮೇಲೆ!”

ನಲವತ್ತು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ದನಿ ಅದು. ಚಾಳೀಸಿನ ಬೆರಳು ತಾನಾಗಿ ತುಟಿಯ ಮೇಲೆ ಹೋಯಿತು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಮಧ್ಯಾಹ್ನ ಲೈಬ್ರರಿ ಮೇಡಂ ಬಂದಳು. ಕಾಲು ಸಡಿಲಾದ ಕನ್ನಡಕ ಹಿಡಿದು ತಿಂಗಳಿಗೊಮ್ಮೆ ಬರುತ್ತಿದ್ದಳು. ಅವಳು ಬರಲೆಂದೇ ಚಾಳೀಸು ಆ ಸ್ಕ್ರೂ ಅನ್ನು ಪೂರ್ತಿ ಬಿಗಿಮಾಡುತ್ತಿರಲಿಲ್ಲ. ಎರಡು ವರ್ಷದಿಂದ ಅವಳಿಗೊಂದು ಮಾತು ಹೇಳಬೇಕೆಂದು ಕಾದಿದ್ದ. ಧೈರ್ಯ ಬಂದ ದಿನ ಅವಳು ಬರುತ್ತಿರಲಿಲ್ಲ, ಅವಳು ಬಂದ ದಿನ ಧೈರ್ಯ ಬರುತ್ತಿರಲಿಲ್ಲ.

ಈವತ್ತು ಅವಳ ಕಣ್ಣಂಚು ಒದ್ದೆಯಾಗಿತ್ತು.

“ಎಲ್ಲ ಕೇಳಿದೆ,” ಎಂದಳು. “ನಿಮ್ಮ ಮೇಲೆ ನಂಗೆ ಎಷ್ಟು ಗೌರವ ಬಂತು ಗೊತ್ತಾ? ‘ನಮ್ದೇ’ ಅಂದ್ರಂತಲ್ಲ! ಎಷ್ಟು ಜನಕ್ಕೆ ಬರುತ್ತೆ ಆ ಧೈರ್ಯ?”

ಚಾಳೀಸಿನ ಕೈಯಲ್ಲಿದ್ದ ಪುಟ್ಟ ಸ್ಕ್ರೂ ಎಲ್ಲೋ ಉರುಳಿತು. ಮೇಜಿನ ಕೆಳಗೆ ಅದನ್ನು ಹುಡುಕುತ್ತ ಯೋಚಿಸಿದ. ಒಂದೇ ಮಾತು: ‘ನಾನಲ್ಲ, ಅವನು’. ಅಷ್ಟು ಅಂದರೆ ತಾನು ಪಾರು. ಈ ಹುಡುಗಿಯ ಮುಂದೆ ದಾರಿ ಸಲೀಸು. ಆದರೆ ಇಡೀ ಬೀದಿಯ ಎದುರು ಸೂಜಿ ಒಬ್ಬನೇ ನಿಲ್ಲಬೇಕು; ಅದೂ ಅವನು ನಿದ್ದೆಯಲ್ಲಿರುವಾಗ, ಅವನ ಗುಟ್ಟನ್ನು ಇನ್ನೊಬ್ಬ ಹರಾಜು ಹಾಕಿದಂತೆ.

ಸ್ಕ್ರೂ ಸಿಕ್ಕಿತು. ಎದ್ದು ನಿಂತು, “ಥ್ಯಾಂಕ್ಸ್ ಮೇಡಂ,” ಎಂದ. ಆ ಸಲ ಸ್ಕ್ರೂ ಬಿಗಿಯಾಗಿಯೇ ಕೂತಿತು.

ಸಂಜೆ ಆರಕ್ಕೆ ಓನರು ಅಂಗೈಯಗಲದ ಬೀಗ ಹಿಡಿದು ಮನೆಯಿಂದ ಹೊರಬಂದಾಗ ಮೆಟ್ಟಿಲ ಬುಡದಲ್ಲಿ ಹಾಜಿ ಸಾಹೇಬರು, ನಡುವೆ ಸಿಸ್ಟರ್, ಅವರಿಗೂ ಮೇಲೆ ಅರ್ಚಕರು. ಅರ್ಚಕರು ಒಂದು ಕ್ಷಣ ಕೂರೋಣವೆಂದು ಕೂತವರು, ಮಂಡಿನೋವಿನಿಂದ ಏಳಲಾಗದೆ ಅಲ್ಲೇ ಉಳಿದಿದ್ದರು. ನೋಡಿದವರಿಗೆ ಮಾತ್ರ ಬಂಡೆಯಂತೆ ಕೂತಿದ್ದಾರೆ ಅನ್ನಿಸುತ್ತಿತ್ತು. ಅವರ ಹಿಂದೆ ಚಾಳೀಸು, ಗೋಡೆಗೆ ಅಂಟಿದ ಹಲ್ಲಿಯಂತೆ. ಬೀದಿಯ ಅರ್ಧ ಜನ ಗೇಟಿನ ಬಳಿ. ಅವರಲ್ಲಿ ಲೈಬ್ರರಿ ಮೇಡಂ ಕೂಡ.

“ಜಾಗ ಬಿಡಿ,” ಎಂದರು ಓನರು.

ಯಾರೂ ಬಿಡಲಿಲ್ಲ.

“ಹಿರಿಯರು ನೀವು. ನೀವಾದ್ರೂ ಹೇಳಿ ಅರ್ಚಕರೇ, ಇಂಥದ್ದನ್ನ ದೇವರು ಮೆಚ್ತಾನಾ?”

“ದೇವರ ಚಿಂತೆ ನಮಗೆ ಬಿಡಪ್ಪ,” ಎಂದರು ಅರ್ಚಕರು. “ನಾವು ಮೂರು ಜನ ಮೂರು ಕಡೆ ವಿಚಾರಿಸಿಕೊಂಡು ಬಂದಿದೀವಿ. ಎಲ್ಲೂ ಬೀಗ ಹಾಕು ಅನ್ನಲಿಲ್ಲ.”

“ಮನೆ ನಂದು!”

“ಹೌದು, ನಿಂದೇ,” ಎಂದರು ಸಿಸ್ಟರ್. “ಶಾಲೆ ನಂದಾಗಿತ್ತು. ಒಂದನೇ ಕ್ಲಾಸಲ್ಲಿ ನೀನು ದಿನಾ ಚಡ್ಡಿ ಒದ್ದೆ ಮಾಡ್ಕೊಳ್ತಿದ್ದೆ. ಮರ್ಯಾದಸ್ಥರ ಶಾಲೆ ಅಂತ ನಾನು ನಿನ್ನ ಹೊರಗೆ ಹಾಕಿದ್ನಾ?”

ಗೇಟಿನ ಬಳಿ ಯಾರೋ ನಕ್ಕರು. ಓನರ ಹೆಂಡತಿಯೇ ಎಂದು ಆಮೇಲೆ ತಿಳಿಯಿತು.

“ಅದಲ್ಲ ಸಿಸ್ಟರ್,” ಓನರ ದನಿ ಇಳಿಯಿತು. “ಬೀದಿಯವರು ಏನಂತಾರೆ?”

“ಯಾವ ಬೀದಿಯವರು?” ಹಾಜಿ ಸಾಹೇಬರು ಸುತ್ತ ಕೈ ತೋರಿಸಿದರು. “ಬೀದಿಯವರು ನಾವೇ. ನಾವೇನೂ ಅಂತಿಲ್ಲ. ನೀನು ಮಾತ್ರ ಬೆಳಿಗ್ಗೆಯಿಂದ ಕಿರುಚ್ತಾ ಇದೀಯ.”

ಓನರು ಬೀಗ ನೋಡಿದರು, ಜನರನ್ನು ನೋಡಿದರು. ನಿಜ ಹೇಳಬೇಕೆಂದರೆ ಅವರಿಗೂ ಬೀಗ ಜಡಿಯುವ ಮನಸ್ಸು ಮಧ್ಯಾಹ್ನವೇ ಹೋಗಿತ್ತು. ಆಡಿದ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆಂದು ತಿಳಿದಿರಲಿಲ್ಲ. ಹೋದ ಸಲ ಎದೆನೋವು ಬಂದಾಗ ಆ ಇಪ್ಪತ್ತೆರಡು ಮೆಟ್ಟಿಲು ಹಾರಿ ಬಂದವನು ಸೂಜಿಯೇ. ನಿಟ್ಟುಸಿರುಬಿಟ್ಟು ಬೀಗವನ್ನು ಜೇಬಿಗೆ ಹಾಕಿ, “ಇರಲಿ ಬಿಡಿ. ಇರಲಿ,” ಎಂದು ಮೆಟ್ಟಿಲ ಮೇಲೇ ಕೂತರು.

ಚಾಳೀಸಿಗೆ ಹತ್ತು ಮಣ ಭಾರ ಇಳಿದಂತಾಯಿತು.

ಗಲಾಟೆಗೆ ಕೊನೆಗೂ ಎಚ್ಚರವಾಗಿ ಸೂಜಿ ಬಾಗಿಲು ತೆರೆದ. ಒಂದು ಕಿವಿಯಲ್ಲಿ ಇನ್ನೂ ಹತ್ತಿ. ಚಾಳೀಸು ಪಿಸುದನಿಯಲ್ಲಿ ಎಲ್ಲ ಹೇಳಿದ. ಸೂಜಿ ಮೆಟ್ಟಿಲ ಮೇಲೆ ಸಾಲಾಗಿದ್ದ ಬೆನ್ನುಗಳನ್ನು ನೋಡಿದ. ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟ.

ಅಷ್ಟರಲ್ಲಿ ಸೈರನ್ ಕೂಗುತ್ತ ಗೇಟಿಗೆ ಆಂಬುಲೆನ್ಸ್ ಬಂತು.

“ಯಾರಿಗೇನಾಯ್ತು?” ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿದವನು ಡ್ರೈವರ್; ಎತ್ತರದ ಆಳು, ಮುಖವೆಲ್ಲ ಬೆವರು. ಓನರ ಹೆಂಡತಿಯ ಸುದ್ದಿ ಐದು ಮೈಲಿ ದೂರದ ಆಸ್ಪತ್ರೆಗೂ ಹೋಗಿತ್ತು. ಅವನು ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಸೂಜಿಯ ಎದುರು ನಿಂತ. “ಕೇಕಿನಿಂದ ಹಿಂಗಾಯ್ತಂತಲ್ಲೋ. ತಪ್ಪಾಯ್ತು,” ಎಂದ.

ಸೂಜಿ ಕಣ್ಣೊರೆಸಿಕೊಂಡ. ಮೂವತ್ಮೂರು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ಅವನ ಕೈ ಹಿಡಿದು ಹೇಳಿದ: “ಇವನು ನನ್ನವನು.”

ಬೀದಿಯ ಅಷ್ಟೂ ಕಣ್ಣುಗಳು ನಿಧಾನವಾಗಿ ಚಾಳೀಸಿನ ಕಡೆ ತಿರುಗಿದವು.

“ಅಯ್ಯೋ ಮಗನೇ!” ಎಂದು ಸಿಸ್ಟರ್ ಅವನ ಭುಜ ಹಿಡಿದರು.

“ಇಲ್ಲ ಸಿಸ್ಟರ್, ನಂಗೆ ಖುಷಿನೇ,” ಎಂದು ಚಾಳೀಸು ನಿಜವಾಗಿಯೂ ನಕ್ಕ.

“ನೋಡಿ, ಎಂಥಾ ದೊಡ್ಡ ಮನಸ್ಸು! ನಗ್ತಾ ಇದಾನೆ!” ಹಾಜಿ ಸಾಹೇಬರು ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.

“ಅಯ್ಯೋ, ಚಾಳೀಸು ನನ್ನ ಗೆಳೆಯ ಅಷ್ಟೇ!” ಎಂದು ಸೂಜಿ ಕೂಗಿದ.

“ಗೆಳೆಯ ಅಷ್ಟೇ ಅಂತೆ! ಕೇಳಿದ್ರಾ?” ಓನರು ಎದ್ದು ನಿಂತರು. ಬೆಳಿಗ್ಗೆಯ ಆವೇಶವೆಲ್ಲ ಮರಳಿ ಬಂದಿತ್ತು. “ನಾಲ್ಕು ವರ್ಷ ಒಟ್ಟಿಗಿದ್ದು! ನನ್ನ ಮನೇಲೇ ಈ ಹುಡುಗನಿಗೆ ಮೋಸ!”

“ಪ್ರೀತಿಗೆ ಬಲವಂತ ಇಲ್ಲಪ್ಪ. ಅವರಿಬ್ಬರೂ ಚೆನ್ನಾಗಿರಲಿ,” ಎಂದು ಸಿಸ್ಟರ್ ಸೂಜಿ ಮತ್ತು ಡ್ರೈವರ್ ಇಬ್ಬರ ತಲೆಯನ್ನೂ ಸವರಿದರು. “ಆದ್ರೆ ಇವನನ್ನ ಈಗ ಒಬ್ಬನೇ ಬಿಡಬಾರದು.”

ಇನ್ನು ತಡೆಯಲಾಗಲಿಲ್ಲ. “ಸ್ವಾಮಿ, ನಾನು ಅಂಥವನಲ್ಲ! ನಂಗೆ ಇಷ್ಟ ಆಗೋದು ಹುಡುಗೀರು!” ಎಂದು ಚಾಳೀಸು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅರ್ಚಕರು ಕೂತಲ್ಲಿಂದಲೇ ಅವನ ಕಾಲು ತಟ್ಟಿದರು. “ಮನಸ್ಸು ಮುರಿದಾಗ ಹಾಗೇ ಅನ್ಸುತ್ತಪ್ಪ. ನಾಲ್ಕು ದಿನ ಹೋಗಲಿ, ಸರಿಹೋಗುತ್ತೆ.”

ಗುಂಪು ಸೀಳಿಕೊಂಡು ಲೈಬ್ರರಿ ಮೇಡಂ ಮೇಲೆ ಬಂದಳು. ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಎರಡು ವರ್ಷ ಕಾದದ್ದಕ್ಕೆ ಸಿಕ್ಕ ಕೈ ಅದು, ಬೆಚ್ಚಗಿತ್ತು.

“ಧೈರ್ಯಗೆಡಬೇಡಿ,” ಎಂದಳು. “ನಮ್ಮ ಲೈಬ್ರರಿಗೆ ಒಬ್ಬ ಹೊಸ ಕ್ಲರ್ಕ್ ಬಂದಿದಾರೆ. ತುಂಬಾ ಒಳ್ಳೆಯವರು, ಓದಿಕೊಂಡಿದಾರೆ, ಅವರಿಗೂ ಯಾರೂ ಇಲ್ಲ. ನಾಳೆ ಐದಕ್ಕೆ ಬನ್ನಿ, ನಾನೇ ಪರಿಚಯ ಮಾಡಿಸ್ತೀನಿ.”

ಚಾಳೀಸು ಕೈ ಬಿಡಿಸಿಕೊಳ್ಳಲಿಲ್ಲ.

“ನೀವೂ ಇರ್ತೀರಾ ಮೇಡಂ?”

“ಖಂಡಿತ ಇರ್ತೀನಿ.”

“ಹಾಗಾದ್ರೆ ಬರ್ತೀನಿ,” ಎಂದ.