ತಿಥಿಯ ಪುಟದಲ್ಲಿ ನಕ್ಕ ಪ್ರಕರಣ

ಪದ್ಮನಾಭನಗರದ ಗಂಭೀರ ಸಾಹಿತ್ಯ ಓದುಗರ ಬಳಗದಲ್ಲಿ ಇದುವರೆಗೆ ಯಾರಿಗೂ ಯಾವ ಪುಸ್ತಕವೂ ಅರ್ಥವಾಗಿರಲಿಲ್ಲ. ಬಳಗದ ಘನತೆ ನಿಂತಿದ್ದೇ ಇದರ ಮೇಲೆ. ಭಾನುವಾರ ಬೆಳಿಗ್ಗೆ ಅಧ್ಯಕ್ಷ ಏಕಾಂತಯ್ಯನವರ ಮನೆಯ ಮಹಡಿಯಲ್ಲಿ ಸದಸ್ಯರು ಸೇರುವುದು, ಒಬ್ಬೊಬ್ಬರೇ ಎದ್ದು ತಮಗೆ ಅರ್ಥವಾಗದ ಪುಟವನ್ನು ತಿಳಿಸುವುದು, ಉಳಿದವರು ಮೆಚ್ಚಿ ತಲೆದೂಗುವುದು, ಬಳಿಕ ಖಾರಾಬಾತ್. ಇದು ಕ್ರಮ.

ಈ ಕ್ರಮಕ್ಕೆ ಭಂಗ ತಂದವನು ಚಿದಾನಂದ್. ಬಳಗ ಈ ವರ್ಷ ಓದಲು ಆರಿಸಿಕೊಂಡಿದ್ದ ಕಾದಂಬರಿಯಲ್ಲಿ ಪೂರ್ಣವಿರಾಮವೇ ಇರಲಿಲ್ಲ. ಸತ್ತವರೂ ಬದುಕಿದ್ದವರೂ ಒಂದೇ ವಾಕ್ಯದಲ್ಲಿ ಮಾತಾಡುತ್ತಿದ್ದರು. ಅದನ್ನು ಬಸ್ಸಿನಲ್ಲಿ ಓದುತ್ತಾ ಅವನು ಜೋರಾಗಿ ನಕ್ಕುಬಿಟ್ಟ. ಸತ್ತ ಯಜಮಾನ ತನ್ನ ತಿಥಿಯ ಪಂಕ್ತಿಯಲ್ಲಿ ತಾನೇ ಕೂತು, ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಾನೆ. ನಕ್ಕ ಮೇಲೆ ಯಾಕೋ ಅಪ್ಪ ನೆನಪಾಗಿ, ಇಳಿಯಬೇಕಾಗಿದ್ದ ಯಡಿಯೂರು ದಾಟಿಹೋಯಿತು. ಯಾರ ಹತ್ತಿರವಾದರೂ ಇದನ್ನು ಹೇಳಿಕೊಳ್ಳಬೇಕು ಅನ್ನಿಸಿತು. ಒಂಟಿ ಮನುಷ್ಯ, ಮನೆಯಲ್ಲಿ ಕೇಳುವವರಿರಲಿಲ್ಲ. ಭಾನುವಾರ ಬಳಗದಲ್ಲಿ ಹೇಳಿದ.

ಸಭೆಯು ಖಾರಾಬಾತನ್ನು ತಡೆಹಿಡಿದು ವಿಚಾರಣೆ ಆರಂಭಿಸಿತು.

"ಪೂರ್ತಿ ಓದಿದ್ರಾ?" ಏಕಾಂತಯ್ಯ ಕೇಳಿದರು.

"ಹೂಂ ಸಾರ್."

"ಅರ್ಥಾನೂ ಆಯ್ತಾ?"

"ಒಂದಷ್ಟು ಆಯ್ತು. ಆ ತಿಥಿ ಹತ್ರ ನಗು ಬಂತು."

"ಅಲ್ರೀ," ಎಂದರು ನಿವೃತ್ತ ಇಂಜಿನಿಯರ್ ಬೈಲಪ್ಪ, "ಬಸ್ಸಲ್ಲಿ ನಗು ತರಿಸೋ ಪುಸ್ತಕ ಹಿಡ್ಕೊಂಡು ನಾವು ವರ್ಷಪೂರ್ತಿ ಅರ್ಥ ಆಗದೆ ಕೂತಿದ್ದೀವಿ ಅಂದ್ರೆ, ನಮ್ಮ ಮರ್ಯಾದೆ ಏನಾಯ್ತು?"

ಕೃತಿಯು ಅರ್ಥವಾದ ಸದಸ್ಯನು ಬಳಗದಿಂದ ಹೊರಗುಳಿಯತಕ್ಕದ್ದು ಎಂಬ ನಿಯಮವನ್ನು ಅಧ್ಯಕ್ಷರು ಓದಿದರು. ಚಿದಾನಂದ್ ನೆಲ ನೋಡಿದ. ವಾರದಲ್ಲಿ ಅವನು ನಾಲ್ಕು ಮಾತಾಡುತ್ತಿದ್ದುದೇ ಈ ಮಹಡಿಯಲ್ಲಿ.

ಕಾರ್ಯದರ್ಶಿ ಗಿರಿಜಾದೇವಿ ಗಂಟಲು ಸರಿಪಡಿಸಿಕೊಂಡರು. "ನಗು ಅಂತಾನೇ ಯಾಕೆ ಅನ್ಕೋಬೇಕು ಸಾರ್? ಬಸ್ಸು, ಧೂಳು. ಕೆಮ್ಮಿರ್ತಾರೆ."

ಎಲ್ಲರೂ ಚಿದಾನಂದನತ್ತ ತಿರುಗಿದರು. ಕೆಮ್ಮೇ ಇರಬೇಕು ಎಂದು ಅವನು ಒಪ್ಪಿಕೊಂಡ. ಸದರಿ ನಗುವನ್ನು ಕೆಮ್ಮೆಂದು ಪರಿಗಣಿಸಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಖಾರಾಬಾತ್ ಬಂತು.

ಮೆಟ್ಟಿಲಿಳಿಯುವಾಗ ಗಿರಿಜಾದೇವಿ ದನಿ ತಗ್ಗಿಸಿದರು. "ನನಗೂ ಅಲ್ಲೇ ರೀ, ಆ ಸಾರಿನ ಹತ್ರ. ತಡ್ಕೊಳಕ್ಕಾಗ್ದಷ್ಟು ಕೆಮ್ಮು."

ಚಿದಾನಂದ್ ಬೆಚ್ಚಿ ಹಿಂದೆ ನೋಡಿದ. ಬೈಲಪ್ಪನವರು ಇಳಿದು ಬರುತ್ತಿದ್ದರು.

"ಎಲ್ರಿಗೂ ಅಷ್ಟೇ ಮೇಡಂ, ಹವಾ ಸರಿಯಿಲ್ಲ," ಎಂದವರೇ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಕುಲುಕುವಂತೆ ಕೆಮ್ಮುತ್ತಾ ಗೇಟು ದಾಟಿದರು.