ಬಿಸಿ, ಬಡಿತ ಮತ್ತು ನನ್ನ ಸೋದರಮಾವ

ಸಾವಿನ ದಿನ ಯಾರಿಗೂ ಗೊತ್ತಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದು ಮನುಷ್ಯರ ಮಾತಾಯಿತು. ನಿಮ್ಮ ಮನೆಯ ಕುಕ್ಕರು, ಗೀಸರು, ಇಸ್ತ್ರಿಪೆಟ್ಟಿಗೆ ಯಾವಾಗ ಕಣ್ಣು ಮುಚ್ಚುತ್ತವೆ ಎಂಬುದು ನನ್ನ ಸೋದರಮಾವನಿಗೆ ಚೆನ್ನಾಗಿ ಗೊತ್ತಿದೆ! ಗೊತ್ತಿದ್ದು ಸುಮ್ಮನಿದ್ದರೆ ಬಂಧುಬಳಗ ನೆಮ್ಮದಿಯಿಂದ ಇರುತ್ತಿತ್ತು. ಅವರು ಅದನ್ನು ಹೇಳುತ್ತಾರೆ. ಊಟಕ್ಕೆ ಕರೆದವರ ಮನೆಯಲ್ಲೇ, ಎಲೆ ಹಾಕುವ ಮೊದಲೇ ಹೇಳುತ್ತಾರೆ.

ಕಂಡ ತಪ್ಪನ್ನು ಹೆಸರು ಹಿಡಿದು ಕರೆಯಬೇಕೆಂದು ನಾನು ಓದಿದ ಶಾಲೆಯಲ್ಲಿ ಕಲಿಸಿದ್ದರು. ಆದ್ದರಿಂದ ಮೊದಲ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹುಟ್ಟಿದ ಗಳಿಗೆ ನೋಡಿ ಮನುಷ್ಯನ ಆಯುಷ್ಯ ಹೇಳುವವನನ್ನು ನಮ್ಮ ಸಮಾಜ ಮಣೆ ಹಾಕಿ ಕೂರಿಸುತ್ತದೆ. ತಟ್ಟಿ, ಕಿವಿಗೊಟ್ಟು, ಲೆಕ್ಕ ಹಾಕಿ ಕಬ್ಬಿಣದ ಆಯುಷ್ಯ ಹೇಳುವವನನ್ನು ತಲೆಕೆಟ್ಟವನೆನ್ನುತ್ತದೆ. ಇದೆಂಥ ನ್ಯಾಯ?

ಮಾವ ತಲೆಕೆಟ್ಟವರಲ್ಲ, ಎಂಜಿನಿಯರು. ಬಾಗಲಕೋಟೆಯ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಅವರು ಸೇವಾವಧಿಯುದ್ದಕ್ಕೂ ಮಾಡಿದ್ದು ಒಂದೇ ಕೆಲಸ. ಕೆಂಪಗೆ ಕಾದು, ತಣಿದು, ಮತ್ತೆ ಕಾಯುವ ಉಕ್ಕಿನ ಕೊಳವೆಗಳನ್ನೂ ಕುಲುಮೆಗಳನ್ನೂ ಪರೀಕ್ಷಿಸಿ, ಅವು ಇನ್ನೆಷ್ಟು ಕಾಲ ತಡೆದುಕೊಳ್ಳುತ್ತವೆ ಎಂದು ಮುಂಚಿತವಾಗಿ ತಿಳಿಸುವುದು. ನಿವೃತ್ತಿಯ ದಿನ ಕಾರ್ಖಾನೆ ಅವರನ್ನು ಬಿಟ್ಟಿತೇ ಹೊರತು ಆ ಕೆಲಸ ಬಿಡಲಿಲ್ಲ.

"ಒಂದ ದೊಡ್ಡ ಪೆಟ್ಟು ಬಿದ್ರ ಯಾವುದೂ ಸಾಯೂದಿಲ್ಲವಾ," ಎಂದು ಅವರು ನನಗೆ ಎಷ್ಟೋ ಸಲ ಪಾಠ ಹೇಳಿದ್ದಾರೆ. "ಸಣ್ಣ ಪೆಟ್ಟು, ಅದ ಪೆಟ್ಟು, ದಿನಾ ಪೆಟ್ಟು. ಮ್ಯಾಲೆ ಬಿಸಿ. ಎರಡೂ ಕೂಡಿದ್ವು ಅಂದ್ರ ಎಂಥಾ ಉಕ್ಕಿನ ಒಳಗೂ ಕೂದಲೆಳಿಯಷ್ಟು ಬಿರುಕು ಹುಟ್ಟತೈತಿ. ಹೊರಗ ಏನೂ ಕಾಣೂದಿಲ್ಲ, ಥಳಥಳ ಹೊಳೀತಿರತೈತಿ. ಒಂದ ದಿನಾ... ಪಟ್!"

ಆ 'ಪಟ್' ಜೊತೆಗೆ ಅವರು ಚಪ್ಪಾಳೆಯನ್ನೂ ಹೊಡೆಯುತ್ತಾರೆ. ಅಂಗಳದ ನಾಯಿ ಇಂದಿಗೂ ಈ ಸಿದ್ಧಾಂತಕ್ಕೆ ಒಗ್ಗಿಕೊಂಡಿಲ್ಲ.

ಇಷ್ಟು ಹೇಳಿದ ಮೇಲೆ ಮಾವನ ಹೆಂಡತಿ, ನನ್ನ ಅತ್ತೆಯ ಭುಜದ ವಿಷಯ ಹೇಳದಿರಲಾಗದು. ಇಳಕಲ್ಲಿನ ಮನೆಯ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಅತ್ತೆ ರೊಟ್ಟಿಯ ಕೋಣೆ ನಡೆಸುತ್ತಾರೆ. ತವರು ನೇಕಾರರದು, ಕೈ ಸುಮ್ಮನಿದ್ದರೆ ಪಾಪ ಎಂದು ನಂಬಿದ ಮನೆತನ. ನೆರೆಹೊರೆಯ ಮೂವರು ಹೆಂಗಸರೊಡನೆ ಕುಳಿತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕಳಿಸುತ್ತಾರೆ. ಮುಂದೆ ಒಲೆ, ಮೇಲೆ ಕಾದ ತಗಡು, ಬಲಗೈಗೆ ಬಿಡುವಿಲ್ಲದ ಬಡಿತ! ಕೊನೆಗೊಂದು ದಿನ ಭುಜ ಮೇಲೇಳಲು ಒಲ್ಲೆನೆಂದಿತು. ಕೈಗೆ ಪೂರ್ಣ ವಿಶ್ರಾಂತಿ ಕೊಡಿ, ಇಲ್ಲದಿದ್ದರೆ ಮುಂದೆ ತಲೆ ಬಾಚಿಕೊಳ್ಳುವುದೂ ಕಷ್ಟವಾದೀತು ಎಂದು ದವಾಖಾನೆಯಲ್ಲಿ ಸ್ಪಷ್ಟವಾಗಿ ಹೇಳಿದರು. ಅತ್ತೆ ಕೇಳಬೇಕಲ್ಲ?

"ನಾ ಸುಮ್ನ ಕುಂತ್ರ ನನ್ನ ಕೂಡ ಮೂರು ಮನಿ ಕುಂದರತಾವು," ಎಂದರು. ಮಾವ ಬಾಯಿ ತೆರೆಯುವಷ್ಟರಲ್ಲಿ, "ಊರ ಮಂದಿ ತವಾಕ್ಕೆಲ್ಲ ಭವಿಷ್ಯಾ ಹೇಳ್ತೀರಲ್ಲ, ನನ್ನ ಭುಜಕ್ಕ ಹೇಳ್ರಿ ನೋಡೂಣು! ಇನ್ನ ಎಷ್ಟ ದಿನಾ ಬಾಳತೈತಿ?" ಎಂದು ಸವಾಲೆಸೆದರು.

ಜಗತ್ತಿನ ಸಕಲ ಲೋಹಗಳಿಗೂ ಉತ್ತರವಿದ್ದ ಮನುಷ್ಯ ಚಪ್ಪಲಿ ಹುಡುಕತೊಡಗಿದರು! ಗಂಡಸರ ಜಾಣಕಿವುಡು ಎಂದು ನಾನು ಅದಕ್ಕೆ ಅಲ್ಲಿಯೇ ಹೆಸರಿಟ್ಟೆ. ಆ ಬೇಸಿಗೆಯುದ್ದಕ್ಕೂ ಭುಜದ ಮಾತು ಬಂದಾಗಲೆಲ್ಲ ಮಾವನ ಚಪ್ಪಲಿ ಕಳೆಯುತ್ತಲೇ ಇತ್ತು. ಬೇರೆಯವರ ಸಾಮಾನಿಗೆ ಮಾತ್ರ ಅವರ ನಾಲಿಗೆ ಧಾರಾಳವಾಗಿಯೇ ಇತ್ತು.

ಹುನಗುಂದದ ಪ್ರಸಂಗವನ್ನೇ ನೋಡಿ. ದೂರದ ಸಂಬಂಧಿಕರ ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಮಾವ ಹಿರಿಯರೆಂದು, ನಾನು ಕಾವಲಿಗೆಂದು. ಹುಡುಗಿಯನ್ನು ಕೂರಿಸಿದರು, ನಿಲ್ಲಿಸಿದರು, ಅಡುಗೆ ಬರುತ್ತದೆಯೇ ಎಂದು ಕೇಳಿದರು. ಹುಡುಗನಿಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಪ್ರತಿಭಟಿಸಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಾಗ ಒಳಗಿನಿಂದ ಕುಕ್ಕರ್ ಸೀಟಿ ಹೊಡೆಯಿತು. ಮಾವ ಕಿವಿ ನಿಮಿರಿಸಿದರು. ಇನ್ನೊಂದು ಸೀಟಿ. ಎದ್ದು ನೇರವಾಗಿ ಅಡುಗೆಮನೆಗೇ ನುಗ್ಗಿದರು.

"ಏನಾತ್ರಿ ಯಣ್ಣಾರ?" ಹುಡುಗಿಯ ತಾಯಿ ಗಾಬರಿಯಾದರು.

"ತಂಗೀ, ಇದರ ಆಯುಷ್ಯ ಮುಗದೈತಿ. ಎಲ್ಲಾರೂ ಹೊರಗ ನಡೀರಿ!"

ಎರಡೂ ಕಡೆಯ ಬೀಗರಾಗಬೇಕಾದವರು ಅವಲಕ್ಕಿ ತಟ್ಟೆ ಹಿಡಿದು ಬೇವಿನ ಮರದ ಕೆಳಗೆ ನಿಂತರು. ಬಹಳ ಹೊತ್ತು ನಿಂತರು. ಕುಕ್ಕರ್ ಸಿಡಿಯಲಿಲ್ಲ, ಹುಡುಗನ ತಂದೆ ಸಿಡಿದರು. "ಶುಭ ಕಾರ್ಯಕ್ಕ ಬಂದು ಆಯುಷ್ಯದ ಮಾತ ತಗೀತೀಯಲ್ಲಲೇ! ಬುದ್ಧಿ ಐತೇನ ನಿನಗ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಸಂಬಂಧ ಅಲ್ಲಿಗೆ ಮುರಿಯಿತು. ಕುಕ್ಕರ್ ಇಂದಿಗೂ ಅದೇ ಮನೆಯಲ್ಲಿ ಸೀಟಿ ಹೊಡೆಯುತ್ತಿದೆಯಂತೆ. "ರಬ್ಬರ್ ಬದಲ್ ಮಾಡ್ಯಾರ, ಅದಕ್ಕ!" ಎಂಬುದು ಮಾವನ ಸಮರ್ಥನೆ.

ಹೆಣ್ಣನ್ನು ಸಂತೆಯ ಸರಕಿನಂತೆ ನೋಡುವ ಆ ಪದ್ಧತಿಯನ್ನು ನನ್ನ ಯಾವ ಭಾಷಣವೂ ನಿಲ್ಲಿಸಿರಲಿಲ್ಲ. ಮಾವನ ತಪ್ಪು ಲೆಕ್ಕ ಆ ದಿನದ ಮಟ್ಟಿಗೆ ನಿಲ್ಲಿಸಿತು! ಆ ಹುಡುಗಿ ಈಗ ಶಿಕ್ಷಕಿ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಮಾವನಿಗೆ ಕೈಮುಗಿದು ಚಹಾ ಕುಡಿಸಿಯೇ ಕಳಿಸುತ್ತಾಳೆ.

ಹಾಗೆಂದು ಅವರ ಲೆಕ್ಕ ಯಾವಾಗಲೂ ತಪ್ಪುತ್ತದೆ ಎಂದು ತಿಳಿಯಬೇಡಿ. ಒಮ್ಮೆ ಬಾದಾಮಿಯಿಂದ ಮಹಾಕೂಟಕ್ಕೆ ಟಂಟಂ ಎಂಬ ಮೂರು ಚಕ್ರದ ಗಾಡಿಯಲ್ಲಿ ಹೊರಟಿದ್ದೆವು. ಬಸ್ಸಿಗೆ ಕಾದು ಸೋತ ಜನ ಮತ್ತೇನು ಮಾಡಿಯಾರು? ಒಳಗಿದ್ದವರ ಮೊಣಕಾಲುಗಳು ಯಾರ ಯಾರವು ಎಂದು ಗುರುತಿಸುವುದೇ ಕಷ್ಟವಾಗಿತ್ತು. ಸಾರಿಗೆ ಕೊಡದೆ ಜನರನ್ನು ಹೀಗೆ ತುಂಬಿಸುವುದು ಅನ್ಯಾಯವೆಂದು ನಾನು ಹೇಳುತ್ತಿದ್ದರೆ, ಮಾವ ಕಿವಿಗೊಟ್ಟದ್ದು ನನಗಲ್ಲ, ಹಿಂದಿನ ಸ್ಪ್ರಿಂಗಿನ ಕಿರುಗುಟ್ಟುವಿಕೆಗೆ.

"ತಮ್ಮಾ, ನಿನ್ನ ಸ್ಪ್ರಿಂಗು ಭಾಳ ದಿನಾ ಉಳಿಯೂದಿಲ್ಲ."

"ನೀವೊಬ್ರು ಇಳದ್ರ ಇನ್ನೆರಡ ದಿನಾ ಹೆಚ್ಚಿಗಿ ಬದಕತೈತ್ರಿ ಸಾಹೇಬ್ರ!" ಎಂದ ಚಾಲಕ. ಗಾಡಿಯೆಲ್ಲ ನಕ್ಕಿತು.

ಮಾವ ನಗಲಿಲ್ಲ. ಅದು ಅವರಿಗೆ ಶುದ್ಧ ಶಾಸ್ತ್ರೀಯ ಸಲಹೆಯಾಗಿ ಕೇಳಿಸಿತು. "ಖರೆ ಐತಿ," ಎಂದು ಇಳಿದು, ಉರಿಬಿಸಿಲಿನಲ್ಲಿ ನಡೆಯುತ್ತ ಹೊರಟೇಬಿಟ್ಟರು! ನಾವು ಸ್ವಲ್ಪ ದೂರ ಹೋಗಿರಬೇಕು, ಗಾಡಿಯ ಹಿಂಭಾಗದಿಂದ ಶಬ್ದ ಬಂತು. ಪಟ್! ಮಾವ ನಡೆದು ಬಂದು ತಲುಪಿದಾಗ ನಾವೆಲ್ಲರೂ ರಸ್ತೆಯ ಅಂಚಿನಲ್ಲಿ ಕುಳಿತಿದ್ದೆವು. ಗೆದ್ದ ನಗೆ ಅವರ ಮುಖದಲ್ಲಿ ಇದ್ದೀತೆಂದು ನೋಡಿದರೆ ಅಲ್ಲಿ ಘೋರ ದುಃಖ.

"ನನ್ನ ಲೆಕ್ಕಾ ತಪ್ಪಿತಲೇ ತಮ್ಮಾ. ಹಬ್ಬದತನಕ ತಡೀಬೇಕಿತ್ತು ಇದು."

"ನಿಮ್ಮ ಬಾಯಾಗ ಬಂದದ್ದಕ್ಕ ಮುರೀತ್ರಿ!" ಎಂದು ಚಾಲಕ ಕೂಗಾಡಿದ. ಕುಳಿತವರೆಲ್ಲ ಹೌದೌದೆಂದರು. ನೋಡಿದಿರಾ? ತುಂಬಿಸಿದವನದು ತಪ್ಪಲ್ಲ, ಬಸ್ಸು ಬಿಡದವರದು ತಪ್ಪಲ್ಲ; ಮುರಿಯುತ್ತದೆ ಎಂದವನದು ತಪ್ಪು. ಈ ನಾಡಿನಲ್ಲಿ ಬಿರುಕನ್ನು ತೋರಿಸಿದವನ ಬೆರಳನ್ನೇ ಸಂಶಯಿಸುತ್ತಾರೆ. ಮಹಿಳಾ ಸಂಘಟನೆಯ ಹೋರಾಟದಲ್ಲಿ ಇದ್ದವಳಾಗಿ ಇದು ನನಗೂ ಹೊಸದಲ್ಲ.

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಟಂಟಂನ ನೋವು ಕೇಳಿಸುವ ಕಿವಿಗೆ ಪಕ್ಕದಲ್ಲೇ ಮಲಗಿದವಳ ಭುಜದ ನೋವು ಕೇಳಿಸುವುದಿಲ್ಲವೇ? ಅತ್ತೆ ನೋವಿನ ಎಣ್ಣೆ ತಿಕ್ಕಿಕೊಂಡು ಮತ್ತೆ ರೊಟ್ಟಿಗೆ ಕುಳಿತಿದ್ದಾರೆಂದು ಸುದ್ದಿ ಬಂದಾಗ ನಾನು ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹತ್ತಿದೆ. ಇಳಕಲ್ ಬರುವವರೆಗೆ ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸಿಕೊಂಡೆ. ಕಾರ್ಖಾನೆಯ ಕುಲುಮೆಗೂ ವರ್ಷಕ್ಕೊಮ್ಮೆ ಬೆಂಕಿ ಆರಿಸಿ ಬಿಡುವು ಕೊಡುತ್ತೀರಿ. ಅಡುಗೆಮನೆಯ ಹೆಣ್ಣಿಗೆ ಹಬ್ಬ ಬಂದರೆ ದುಪ್ಪಟ್ಟು ಬೆಂಕಿ ಹಚ್ಚುತ್ತೀರಿ! ಉತ್ತರ ಕೊಡಿ, ಮಾವ!

ಹಿತ್ತಲಿಗೆ ಹೋದವಳು ಮೊದಲ ವಾಕ್ಯಕ್ಕೇ ತಡವರಿಸಿದೆ. ಒಲೆಯ ಮುಂದೆ, ಅತ್ತೆಯ ಜಾಗದಲ್ಲಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಮಾವ ಕುಳಿತಿದ್ದರು! ಹುಬ್ಬಿನ ಮೇಲೂ ಹಿಟ್ಟು. ಹಲಗೆಯ ಮೇಲೆ ಅವರು ಬಡಿಯುತ್ತಿದ್ದ ರೊಟ್ಟಿ ಕರ್ನಾಟಕದ ನಕ್ಷೆಯಂತಿತ್ತು. ಬೀದರ ಜಿಲ್ಲೆ ಆಗಲೇ ಹರಿದಿತ್ತು. ಮೂವರು ಹೆಂಗಸರು ತಮ್ಮ ದುಂಡು ರೊಟ್ಟಿಗಳನ್ನು ಬಡಿಯುತ್ತಲೇ ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಅತ್ತೆ ಬಾಗಿಲ ಕಟ್ಟೆಯ ಮೇಲೆ, ಬಲಗೈಯನ್ನು ಕೊರಳ ಪಟ್ಟಿಯಲ್ಲಿ ಇಳಿಬಿಟ್ಟು, ಮುಖ ಗಂಟಿಕ್ಕಿ ಕುಳಿತಿದ್ದರು.

"ಬಾರವಾ, ನೋಡ ಬಾ ನಿಮ್ಮ ಮಾಮಾನ ಪ್ರತಾಪ," ಎಂದರು. "ಮುಂಜಾನೆದ್ದು ನಾ ಬರೂದ್ರಾಗ ನನ್ನ ಮಣಿ ಮ್ಯಾಲೆ ಕುಂತಾರ. ಎದ್ದೇಳ್ರಿ ಅಂದ್ರ ಏಳವಲ್ಲರು. ಇವತ್ತೊಂದ ದಿನಾ ಸುಮ್ನಿರತೇನಿ. ನಾಳಿಂದ ನಾನ ಕುಂದ್ರಾಕಿ!"

"ಯಮ್ಮಾರ, ರೊಟ್ಟಿ ಯಾಕ ಹಿಂಗ ಬಿರೀತಾವು ಕೇಳ್ರಿ ಸಾಹೇಬ್ರನ್ನ," ಎಂದಳು ಹೆಂಗಸರಲ್ಲಿ ಹಿರಿಯಾಕೆ.

ಕಾರಣ ಇಷ್ಟೇ. ತವಾದ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಅದು ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿರುವ ವಿದ್ಯೆ. ಮಾವ ನೀರು ಮುಟ್ಟಗೊಡುತ್ತಿರಲಿಲ್ಲ. ಕಾದ ಕಬ್ಬಿಣದ ಮೇಲೆ ತಣ್ಣೀರು ಸಿಡಿದರೆ ತವಾದ ಆಯುಷ್ಯ ಕಡಿಮೆಯಾಗುತ್ತದಂತೆ!

"ತವಾ ಉಳೀತ್ರಿ, ರೊಟ್ಟಿ ಸತ್ವು!" ಎಂದಳು ಹಿರಿಯಾಕೆ. "ಪುಣ್ಯಾಕ್ಕ ಖಾನಾವಳಿಗಿ ನಾವು ಬಡದವ ಹೊಂಟಾವು. ಇವರವು ಹ್ವಾದ್ರ ಹಪ್ಪಳಾ ಅಂತ ತಿಳೀತಾರ!"

ನಕ್ಕು ಕಣ್ಣು ಒರೆಸಿಕೊಂಡು ನಾನು ಮಾವನ ಪಕ್ಕ ಕುಳಿತೆ. ಭಾಷಣ ಮರೆತಿತ್ತು, ಪ್ರಶ್ನೆಯೊಂದು ಮಾತ್ರ ಉಳಿದಿತ್ತು. "ಮಾಮಾ, ಎಲ್ಲಾದಕ್ಕೂ ಆಯುಷ್ಯ ಹೇಳ್ತೀರಿ. ಅತ್ತಿ ಭುಜಕ್ಕ ಯಾಕ ಒಂದ ದಿನಾನೂ ಹೇಳಲಿಲ್ಲ?"

ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಚಪ್ಪಲಿಯನ್ನೂ ಹುಡುಕಲಿಲ್ಲ.

"ಕಬ್ಬಿಣಕ್ಕ ಎಷ್ಟ ವಿಶ್ರಾಂತಿ ಕೊಟ್ರೂ ಒಳಗ ಆದ ಗಾಯ ಮಾಯೂದಿಲ್ಲವಾ. ನಿಂತಿದ್ದು ನಿಂತಂಗ ಇರತೈತಿ. ನನ್ನ ಲೆಕ್ಕಾ ಏನಿದ್ರೂ ಕಳಿಯೂ ಲೆಕ್ಕಾ." ದನಿ ತಗ್ಗಿಸಿ ಹೇಳಿದರು: "ಕೈ ಮಾಯತೈತಿ. ಸುಮ್ನ ಬಿಟ್ರ ಮಾಯತೈತಿ. ಆ ಲೆಕ್ಕಾ ನನಗ ಯಾರೂ ಕಲಿಸಿಲ್ಲ. ಬಾಯಿಲೆ ಹೇಳಾಕ ಬರಲಿಲ್ಲ, ಅದಕ್ಕ ಬಡ್ಯಾಕ ಕುಂತೆ."

ಕಟ್ಟೆಯ ಮೇಲಿದ್ದ ಅತ್ತೆ ಕೇಳಿಸಲೇ ಇಲ್ಲವೆಂಬಂತೆ ಹೊರಗೆ ನೋಡುತ್ತಿದ್ದರು. ಆಮೇಲೆ ಎದ್ದು ಬಂದು, ತವಾದ ಪಕ್ಕದಲ್ಲಿದ್ದ ಆ ಹರಕು ರೊಟ್ಟಿಯನ್ನು ಎಡಗೈಯಿಂದ ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ಹಿಟ್ಟಿಗಿ ಹಾಕೂ ನೀರು ಇನ್ನೊಂದ ಕುದಿ ಬರಬೇಕಿತ್ತು," ಎಂದರು ಅತ್ತೆ, ಗಂಡನ ಕಡೆ ನೋಡದೆ. "ನಾಳಿಗೆ ನೆನಪಿಟ್ಟ ಕುದಸ್ರಿ."